ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಲೆಕ್ಕದಿಂದ ಹೊರಗುಳಿದವರು

ವ್ಯಾಪಾರದ ನೀತಿಗೂ ಸಾಹಿತ್ಯ, ಇತಿಹಾಸ, ರಂಗಭೂಮಿಗಳಿಗೂ ಏನು ಸಂಬಂಧ ಎಂಬ ವಿಷಯವಾಗಿ ಓದುಗರಿಂದ ಪ್ರಶ್ನೆಗಳನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬೆಂಗಳೂರಿನ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನೂ ಅವರ ಸಂಸ್ಥೆಗಳ ಹೆಸರುಗಳನ್ನೂ ಅವರ ಕೋರಿಕೆಯಂತೆ ಕೈಬಿಟ್ಟಿದ್ದೇವೆ.

ಪ್ರಶ್ನೆ: ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ತರಬೇತಿಯ ಹೊಣೆ ನನ್ನದು. ಪ್ರತಿವರ್ಷ ನೌಕರರೆಲ್ಲ ಕಂಪ್ಯೂಟರ್ ಮುಂದೆ ಕುಳಿತು ನೀತಿಸಂಹಿತೆಯ ಪಾಠ ಮುಗಿಸಿ, ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿ, ಪ್ರಮಾಣಪತ್ರ ಪಡೆಯುತ್ತಾರೆ. ಈವರೆಗೆ ಯಾರೂ ಅನುತ್ತೀರ್ಣರಾಗಿಲ್ಲ. ಇದರ ಬದಲು ಅರ್ಧ ದಿನ ಒಂದು ಕಥೆಯನ್ನು ಓದಿ ಚರ್ಚಿಸೋಣ ಎಂದು ನಾನು ಸೂಚಿಸಿದಾಗ, ಕಥೆಯಿಂದ ಕಂಪನಿಗೇನು ಲಾಭ ಎಂದು ಮೇಲಧಿಕಾರಿಗಳು ಕೇಳಿದರು. ನಾನು ಏನು ಹೇಳಬೇಕಿತ್ತು?

ಉತ್ತರ: ಲಾಭವಾಗುತ್ತದೆ ಎಂದು ಮಾತ್ರ ಹೇಳಬೇಡಿ. ಹಾಗೆ ಹೇಳಿದರೆ ಅವರು ಅದರ ಅಳತೆ ಕೇಳುತ್ತಾರೆ, ನೀವು ಎಲ್ಲಿಂದಲೋ ಒಂದು ಅಳತೆಯನ್ನು ಹೊಂದಿಸಿ ಕೊಡುತ್ತೀರಿ, ಮುಂದಿನ ವರ್ಷ ಆ ಕಥೆಯೂ ನಾಲ್ಕು ಉತ್ತರಗಳ ಪ್ರಶ್ನೆಯಾಗಿ ಕಂಪ್ಯೂಟರ್ ಸೇರುತ್ತದೆ. ಈಗಿನ ಪಾಠದಲ್ಲಿರುವ ಕೊರತೆಯನ್ನು ತೋರಿಸಿಕೊಡುವುದೇ ಮೇಲು. ಪ್ರಶ್ನೆಪತ್ರಿಕೆಯಲ್ಲಿ ನೀತಿಯ ಸಮಸ್ಯೆ ತಾನು ನೀತಿಯ ಸಮಸ್ಯೆಯೆಂದು ಹಣೆಪಟ್ಟಿ ಕಟ್ಟಿಕೊಂಡೇ ಬರುತ್ತದೆ. ಕಚೇರಿಯಲ್ಲಿ ಅದೇ ಸಮಸ್ಯೆ ತಿಂಗಳ ಕೊನೆಯ ಗುರಿಯಾಗಿ, ದೊಡ್ಡ ಗ್ರಾಹಕರ ಒತ್ತಾಯವಾಗಿ, ಹಿರಿಯರೊಬ್ಬರ ಮುಖ ಉಳಿಸುವ ಸೌಜನ್ಯವಾಗಿ ಬರುತ್ತದೆ. ವ್ಯಾಪಾರದ ದೊಡ್ಡ ತಪ್ಪುಗಳಲ್ಲಿ ನಿಯಮ ಗೊತ್ತಿಲ್ಲದೆ ನಡೆದವು ಕಡಿಮೆ. ಹಾನಿಗೊಳಗಾಗುವವರು ಕಣ್ಣಿಂದ ಮರೆಯಾದಾಗ, ಮಾಡಿದವರು ಮಾತಿನ ಹಿಂದೆ ಮರೆಯಾದಾಗ ನಡೆದವೇ ಹೆಚ್ಚು. ಈ ಮರೆಯನ್ನು ಸರಿಸಿ ನೋಡುವ ಅಭ್ಯಾಸ ಸಾಹಿತ್ಯಕ್ಕೂ ಇತಿಹಾಸಕ್ಕೂ ನಾಟಕಕ್ಕೂ ಬಹುಕಾಲದಿಂದ ಇದೆ. ಅಲ್ಲಿಂದ ಪಡೆಯಬಹುದಾದದ್ದು ಅಷ್ಟೇ, ಆದರೆ ಅದು ಸಣ್ಣದೇನೂ ಅಲ್ಲ.

ಕಥೆ ಯಾವುದಿರಲಿ ಎಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ: ಸಭಾಪರ್ವದ ದ್ಯೂತಪ್ರಸಂಗವನ್ನು ಎತ್ತಿಕೊಳ್ಳಿ. (ಮಹಾಭಾರತದಿಂದ ಆಡಳಿತಸೂತ್ರಗಳನ್ನು ಹೆಕ್ಕಿಕೊಡುವ ಬಗೆಯ ಪುಸ್ತಕಗಳನ್ನು ದಯವಿಟ್ಟು ದೂರವಿಡಿ; ಮೂಲದಲ್ಲಿ ತೀರ್ಮಾನವಾಗದೆ ಉಳಿದದ್ದನ್ನೆಲ್ಲ ಅವು ಚುಟುಕಾಗಿ ತೀರ್ಮಾನಿಸಿಬಿಡುತ್ತವೆ.) ಧರ್ಮರಾಯನು ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ದ್ರೌಪದಿ ಕೇಳುತ್ತಾಳೆ. ಅದು ಗೋಳಾಟದ ಪ್ರಶ್ನೆಯಲ್ಲ, ಅಧಿಕಾರವ್ಯಾಪ್ತಿಯ ಪ್ರಶ್ನೆ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು ಎಂಬುದು ಅದರ ತಿರುಳು. ಸಭೆಯಲ್ಲಿದ್ದವರಿಗೆ ಶಾಸ್ತ್ರ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಧರ್ಮದ ಗತಿ ಸೂಕ್ಷ್ಮವಾದುದರಿಂದ ನಿರ್ಣಯಿಸಲಾರೆ ಎಂದು ಭೀಷ್ಮನು ಹೇಳುತ್ತಾನೆ. ನೇರವಾಗಿ ಉತ್ತರ ಕೊಡುವವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಕರ್ಣನು ಅವನ ತರ್ಕಕ್ಕಿಂತ ಮೊದಲು ಅವನ ವಯಸ್ಸನ್ನು ಹಿಡಿದು ಗದರಿಸುತ್ತಾನೆ. ಮೊದಲಿನಿಂದ ಎಚ್ಚರಿಸುತ್ತಲೇ ಬಂದ ವಿದುರನ ಮಾತಂತೂ, ಎಷ್ಟೋ ಸಂಸ್ಥೆಗಳಲ್ಲಿ ನಿಯಮಪಾಲನೆಯ ಅಧಿಕಾರಿಯ ಮಾತಿನ ಹಾಗೆ, ಹೊಸದಾಗಿ ಯಾರ ಕಿವಿಗೂ ಬೀಳುವುದಿಲ್ಲ. ಇಲ್ಲಿ ತಪ್ಪು ಯಾರದೆಂದು ನಿಮ್ಮ ಸಹೋದ್ಯೋಗಿಗಳನ್ನು ಕೇಳಬೇಡಿ, ಅದು ಎಲ್ಲರಿಗೂ ಗೊತ್ತಿದೆ. ಯಾರು ಯಾವ ಗಳಿಗೆಯಲ್ಲಿ ಬಾಯಿ ತೆರೆಯಬಹುದಿತ್ತು, ಏಕೆ ತೆರೆಯಲಿಲ್ಲ ಎಂದು ಕೇಳಿ.

ಆಮೇಲೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಪ್ರಕರಣಕ್ಕೆ ಬನ್ನಿ. 2008ರ ಡಿಸೆಂಬರ್ 16ರಂದು ಆ ಕಂಪನಿಯ ಆಡಳಿತ ಮಂಡಳಿಯ ಮುಂದೆ, ಅಧ್ಯಕ್ಷ ರಾಮಲಿಂಗರಾಜು ಅವರ ಕುಟುಂಬದವರ ಹಿಡಿತದಲ್ಲಿದ್ದ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾವ ಬಂತು. ಮಂಡಳಿಯಲ್ಲಿ ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದರು. ಪ್ರಸ್ತಾವ ಒಮ್ಮತದಿಂದಲೇ ಅಂಗೀಕೃತವಾಯಿತು. ಷೇರುದಾರರು ಸಿಡಿದೆದ್ದ ಮೇಲೆ ಅದನ್ನು ಹಿಂತೆಗೆದುಕೊಂಡರು. ಮೂರು ವಾರಗಳ ಬಳಿಕ, 2009ರ ಜನವರಿ 7ರಂದು, ರಾಜು ಅವರ ತಪ್ಪೊಪ್ಪಿಗೆಯ ಪತ್ರ ಹೊರಬಿತ್ತು: ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ.

ಆ ಪತ್ರವನ್ನು ಲೆಕ್ಕಪರಿಶೋಧಕರು ಅಂಕಿಗಳಿಗಾಗಿ ಓದಿದರು. ನಿಮ್ಮ ಅರ್ಧ ದಿನದಲ್ಲಿ ಅದನ್ನು ಗದ್ಯವಾಗಿ ಓದಿಸಿ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ನಡುವೆ ಸಣ್ಣ ಅಂತರವೊಂದು ಶುರುವಾಯಿತು, ವರ್ಷದಿಂದ ವರ್ಷಕ್ಕೆ ಅದು ಬೆಳೆಯಿತು ಎನ್ನುತ್ತದೆ ಪತ್ರ. ಬೆಳೆದದ್ದು ಅಂತರ, ಬೆಳೆಸಿದವರು ಆ ವಾಕ್ಯದಲ್ಲಿ ಕಾಣುವುದೇ ಇಲ್ಲ. ಮುಂದೆ, ಅದು ಹುಲಿಯ ಮೇಲಿನ ಸವಾರಿಯಾಗಿತ್ತು, ಹುಲಿಯ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂಬ ಮಾತು ಬರುತ್ತದೆ. ಈ ರೂಪಕದಲ್ಲಿ ಅಪಾಯಕ್ಕೆ ಸಿಕ್ಕವನು ಸವಾರನೊಬ್ಬನೇ. ಷೇರು ಕೊಂಡ ನಿವೃತ್ತ ಶಿಕ್ಷಕರಾಗಲಿ, ಅಲ್ಲಿ ಕೆಲಸಕ್ಕಿದ್ದ ಸಾವಿರಾರು ಇಂಜಿನಿಯರುಗಳಾಗಲಿ ಆ ಕಾಡಿನಲ್ಲಿ ಎಲ್ಲೂ ಸುಳಿಯುವುದಿಲ್ಲ. 2015ರ ಏಪ್ರಿಲಿನಲ್ಲಿ ವಿಶೇಷ ನ್ಯಾಯಾಲಯ ರಾಜು ಅವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಹೀಗೆ ಓದುವುದನ್ನು ಕಲಿತ ನೌಕರ, ನಾಳೆ ತನ್ನದೇ ಕಚೇರಿಯ ಮಿಂಚಂಚೆಯಲ್ಲಿ 'ದತ್ತಾಂಶದಲ್ಲಿ ವ್ಯತ್ಯಾಸ ಉಂಟಾಗಿದೆ' ಎಂಬ ಸಾಲು ಕಂಡಾಗ, ಉಂಟುಮಾಡಿದ್ದು ಯಾರು ಎಂದು ಕೇಳಿಯಾನು.

ಇನ್ನೊಂದು ಸಲಹೆ. ಕರಾವಳಿಯಿಂದ ಬಂದವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ತಾಳಮದ್ದಳೆಯ ಕ್ರಮವನ್ನು ಅವರಿಂದ ಕೇಳಿ ತಿಳಿಯಿರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರದ ಪರವಾಗಿ ಆಶುವಾಗಿ ವಾದಿಸುತ್ತಾರೆ. ಇಂದು ಕೃಷ್ಣನ ಅರ್ಥ ಹೇಳಿದವರು ಇನ್ನೊಂದು ದಿನ ಕೌರವನ ಅರ್ಥ ಹೇಳುತ್ತಾರೆ, ಅಷ್ಟೇ ಪ್ರಾಮಾಣಿಕವಾಗಿ. ನಿಮ್ಮ ಹಣಕಾಸು ಮುಖ್ಯಸ್ಥರು ಗುತ್ತಿಗೆ ನೌಕರನ ಪರವಾಗಿ ಹತ್ತು ನಿಮಿಷ ಹೀಗೆ ಮಾತನಾಡಲಿ, ಹಾಸ್ಯ ಮಾಡದೆ.

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ ಇದೆ; ವಾಹನಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುತ್ತೇವೆ. ನನ್ನ ಮಗ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಓದುತ್ತಿದ್ದಾನೆ, ಮುಂದೆ ಕಾರ್ಖಾನೆಯನ್ನೂ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಹೀಟ್ ಟ್ರೀಟ್‌ಮೆಂಟ್ ಆಗಿ ಬಂದ ಲಾಟ್‌ನಲ್ಲಿ ಕೆಲವು ಪೀಸ್‌ಗಳ ಹಾರ್ಡ್‌ನೆಸ್ ಕಡಿಮೆ ಬಂದಿದ್ದರೂ ಸರ್ಟಿಫಿಕೇಟ್ ಕೊಟ್ಟು ಡಿಸ್‌ಪ್ಯಾಚ್ ಮಾಡಿ ಎಂದು ಫೋನ್ ಬರುವ ಲೋಕ ಇದು. ನಾಟಕ, ಕಾದಂಬರಿ ಓದಿದವನು ಇಲ್ಲಿ ಪ್ರಾಮಾಣಿಕನಾಗಿರುತ್ತಾನೆ ಎನ್ನುವುದಕ್ಕೆ ಏನು ಖಾತರಿ? ಚೆನ್ನಾಗಿ ಓದಿಕೊಂಡವರೇ ಚೆನ್ನಾಗಿ ಮೋಸ ಮಾಡಿದ್ದನ್ನು ನಾನು ಕಂಡಿದ್ದೇನೆ.

ಉತ್ತರ: ಖಾತರಿ ಏನೂ ಇಲ್ಲ. ನಿಮ್ಮ ಅನುಮಾನಕ್ಕೆ ಬಲ ಕೊಡುವ ಅಧ್ಯಯನಗಳೂ ಇವೆ. ತತ್ತ್ವಶಾಸ್ತ್ರದ ಪುಸ್ತಕಗಳಲ್ಲಿ ಗ್ರಂಥಾಲಯಗಳಿಂದ ಕಾಣೆಯಾಗುವುದು ಯಾವುವು ಎಂದು ಅಮೆರಿಕದ ತತ್ತ್ವಶಾಸ್ತ್ರಜ್ಞ ಎರಿಕ್ ಶ್ವಿಟ್ಸ್‌ಗೇಬಲ್ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ನೀತಿಶಾಸ್ತ್ರದ ಪುಸ್ತಕಗಳೇ ಹೆಚ್ಚಾಗಿ ಕಾಣೆಯಾಗಿದ್ದವು. ಇದಕ್ಕಿಂತ ಗಂಭೀರವಾದದ್ದು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಿನ್ಸ್‌ಟನ್ನಿನಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ. ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಭಾಷಣ ಮಾಡಲೆಂದು ಪಕ್ಕದ ಕಟ್ಟಡಕ್ಕೆ ಕಳಿಸಿದರು; ಅವರಲ್ಲಿ ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆಯೇ ಆಗಿತ್ತು. ಹೋಗುವ ದಾರಿಯ ಬಾಗಿಲ ಬಳಿ ಒಬ್ಬನು ಕುಸಿದು ಕುಳಿತು ಕೆಮ್ಮುತ್ತಿದ್ದ. ಸಾಕಷ್ಟು ಸಮಯವಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇಕಡಾ 63 ಮಂದಿ ನೆರವಾದರು, ಆಗಲೇ ತಡವಾಗಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇಕಡಾ 10 ಮಂದಿ. ಕಥೆಯನ್ನು ತಲೆಯಲ್ಲಿ ಹೊತ್ತು ಹೊರಟದ್ದರಿಂದ ಗಣನೀಯ ವ್ಯತ್ಯಾಸವೇನೂ ಆಗಲಿಲ್ಲ. ವ್ಯತ್ಯಾಸ ಮಾಡಿದ್ದು ಅವಸರ.

ಡಿಸ್‌ಪ್ಯಾಚ್ ಸಮಯವೆಂದರೆ ಅವಸರವೇ ತಾನೆ? ಹಾಗಾಗಿ ನಿಮ್ಮ ಮಗನ ಪದವಿಯನ್ನು ನಂಬಿ ಕಾರ್ಖಾನೆಯ ಕ್ರಮವನ್ನು ಸಡಿಲ ಬಿಡಬೇಡಿ. ಆದರೂ ಅವನನ್ನು ಕರೆದು ಒಂದು ನಾಟಕವನ್ನು ಇಬ್ಬರೂ ಒಟ್ಟಿಗೆ ಓದಿ ಎಂದು ಕೇಳಿಕೊಳ್ಳುತ್ತೇನೆ: ಆರ್ಥರ್ ಮಿಲ್ಲರ್ ಬರೆದ, 1947ರಲ್ಲಿ ರಂಗಕ್ಕೆ ಬಂದ 'ಆಲ್ ಮೈ ಸನ್ಸ್'. ಅದರಲ್ಲಿ ಜೋ ಕೆಲ್ಲರ್ ಎಂಬುವನ ಕಾರ್ಖಾನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನಗಳಿಗೆ ಸಿಲಿಂಡರ್ ಹೆಡ್ ಮಾಡಿಕೊಡುತ್ತದೆ. ಒಂದು ದಿನ ಬಿರುಕುಬಿಟ್ಟ ಲಾಟ್ ಬರುತ್ತದೆ. ಕಾರ್ಖಾನೆಗೆ ಬಾರದ ಕೆಲ್ಲರ್ ಮನೆಯಿಂದಲೇ ಫೋನಿನಲ್ಲಿ, ಬಿರುಕು ಮುಚ್ಚಿ ಕಳಿಸಿಬಿಡು ಎಂದು ಪಾಲುದಾರನಿಗೆ ಹೇಳಿ, ಮುಂದೆ ನ್ಯಾಯಾಲಯದಲ್ಲಿ ಹಾಗೆ ಹೇಳಿಯೇ ಇಲ್ಲವೆನ್ನುತ್ತಾನೆ. 21 ವಿಮಾನಚಾಲಕರು ಸಾಯುತ್ತಾರೆ, ಪಾಲುದಾರ ಜೈಲಿಗೆ ಹೋಗುತ್ತಾನೆ, ಕೆಲ್ಲರ್ ಊರಿನಲ್ಲಿ ಗೌರವಸ್ಥನಾಗಿಯೇ ಉಳಿಯುತ್ತಾನೆ. ಈ ನಾಟಕವನ್ನು ನಿಮಗೆ ಸೂಚಿಸಲು ಮುಖ್ಯ ಕಾರಣ ಕೆಲ್ಲರನ ಸಮರ್ಥನೆ. ದುರಾಸೆಯಿಂದ ಮಾಡಿದೆ ಎಂದು ಅವನು ಎಲ್ಲೂ ಹೇಳುವುದಿಲ್ಲ. ಮಗನಿಗೆ ಬಿಟ್ಟುಹೋಗಬೇಕಾದ ಕಾರ್ಖಾನೆ ಮುಚ್ಚಿಹೋಗಬಾರದಲ್ಲ ಎನ್ನುತ್ತಾನೆ. ಆ ಮಾತು ಎಷ್ಟು ಸಹಜವಾಗಿದೆಯೆಂದರೆ, ಕಾರ್ಖಾನೆ ನಡೆಸಿದ ಯಾವ ತಂದೆಗೂ ಅದು ತನ್ನದೇ ಮಾತಿನಂತೆ ಕೇಳಿಸೀತು. ಖಳನಾಯಕರ ಚಿತ್ರ ಬಿಡಿಸುವುದು ಸುಲಭ. ನಮ್ಮ ಒಳ್ಳೆಯತನವೇ ಯಾವ ಬಾಗಿಲಿನಿಂದ ತಪ್ಪಿನೊಳಗೆ ಕಾಲಿಡುತ್ತದೆ ಎಂದು ತೋರಿಸುವುದನ್ನು ಯಾವ ನೀತಿಸಂಹಿತೆಯೂ ಇಷ್ಟು ಚೆನ್ನಾಗಿ ಮಾಡಿದ್ದು ನನಗೆ ಕಂಡಿಲ್ಲ.

ನಾಟಕದಲ್ಲಿ ನಡೆದದ್ದು ಲೋಕದಲ್ಲಿ ನಡೆಯುವುದಿಲ್ಲ ಎನ್ನುವವರು 1986ರ ಜನವರಿ 27ರ ರಾತ್ರಿಯನ್ನು ನೆನೆಯಬಹುದು. ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು, ಚಳಿಯಲ್ಲಿ ರಬ್ಬರ್ ಉಂಗುರಗಳು ಬಿಗಿ ಕಳೆದುಕೊಳ್ಳುತ್ತವೆ, ಉಡಾವಣೆ ಬೇಡ ಎಂದು ಫೋನಿನಲ್ಲಿ ವಾದಿಸಿದರು. ಸಂಭಾಷಣೆಗೆ ಸ್ವಲ್ಪ ಬಿಡುವು ಕೊಟ್ಟಾಗ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಇಂಜಿನಿಯರನ ಟೋಪಿ ತೆಗೆದು ಆಡಳಿತಗಾರನ ಟೋಪಿ ಹಾಕಿಕೊಳ್ಳಿ ಎಂದರು. ಅಭಿಪ್ರಾಯ ಬದಲಾಯಿತು. ಮರುದಿನ ಬೆಳಗ್ಗೆ ಮೇಲೇರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಯಿತು, ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಟೋಪಿ ಬದಲಾದರೂ ಉಂಗುರ ಅದೇ ಆಗಿತ್ತು.

ಕೆಲಸಕ್ಕೆ ಬರುವ ಒಂದು ಮಾತನ್ನೂ ಹೇಳಬೇಕು. ಎರಡೂ ಪ್ರಸಂಗಗಳಲ್ಲಿ ತೀರ್ಮಾನವನ್ನು ತಿರುಗಿಸಿದ ಮಾತು ಕಾಗದದ ಮೇಲೆ ಬಂದದ್ದಲ್ಲ. ನಿಮ್ಮ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿ: ಈ ಭಾಗ ಯಾವ ವಾಹನದ ಯಾವ ಜಾಗಕ್ಕೆ ಹೋಗುತ್ತದೆ, ಅದು ಮುರಿದರೆ ಏನಾಗುತ್ತದೆ. ಸಹಿ ಮಾಡುವವನು ಆ ಸಾಲನ್ನು ಪ್ರತಿಸಲವೂ ತನ್ನ ಕೈಯಿಂದಲೇ ಬರೆಯಲಿ. ಬ್ರೇಕ್ ಎಂದು ಬರೆದ ಕೈ ಸಹಿ ಹಾಕುವ ಮುನ್ನ ಒಂದು ಕ್ಷಣ ತಡೆಯುತ್ತದೆ. ಅವಸರಕ್ಕೆ ಬೇಕಾದ ಮದ್ದು ಆ ತಡೆಯೇ.

ಪ್ರಶ್ನೆ: ಕೋರಮಂಗಲದ ಒಂದು ಸ್ಟಾರ್ಟ್‌ಅಪ್‌ನಲ್ಲಿ ಆ್ಯಪ್‌ನ ಪರದೆಗಳನ್ನು ವಿನ್ಯಾಸ ಮಾಡುತ್ತೇನೆ. ಗ್ರಾಹಕರು ಬೇಡವೆನ್ನಲು ಹಿಂಜರಿಯುವಂತೆ ಬಟನ್‌ಗಳ ಮಾತುಗಳನ್ನು ಬರೆಯಬೇಕೆಂದು ಹೇಳುತ್ತಾರೆ. ಇದು ಜಾಣತನವೋ ಅನೀತಿಯೋ?

ಉತ್ತರ: ಕಾನೂನು ಈ ಪ್ರಶ್ನೆಗೆ ಭಾಗಶಃ ಉತ್ತರ ಕೊಟ್ಟಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ನಾಚಿಕೆಪಡಿಸಿ ಒಪ್ಪಿಸುವುದು ಇವೆಲ್ಲ ಅದರಲ್ಲಿವೆ. ನಾಚಿಕೆಪಡಿಸುವುದಕ್ಕೆ ಅಲ್ಲಿ ಕೊಟ್ಟಿರುವ ಉದಾಹರಣೆಯೊಂದು ಹೀಗಿದೆ: ವಿಮಾನದ ಟಿಕೆಟ್ ಕೊಳ್ಳುವವರು ವಿಮೆ ಬೇಡವೆಂದರೆ, 'ನಾನು ಸುರಕ್ಷೆಯಿಲ್ಲದೆಯೇ ಇರುತ್ತೇನೆ' ಎಂಬ ಸಾಲನ್ನು ಒತ್ತಬೇಕಾಗುತ್ತದೆ.

ನಾಟಕಕಾರನೊಬ್ಬ ಈ ಸಾಲನ್ನು ಕಂಡರೆ ಮೊದಲು ಕೇಳುವುದು, ಇದು ಯಾರ ಮಾತು ಎಂದು. 'ನಾನು' ಎನ್ನುತ್ತಿರುವವರು ಗ್ರಾಹಕರು, ಬರೆದವರು ನೀವು. ಪಾತ್ರ ವಹಿಸಲು ಒಪ್ಪದವರ ಬಾಯಿಗೆ, ಅವರನ್ನೇ ಮೂರ್ಖರನ್ನಾಗಿಸುವ ಸಂಭಾಷಣೆಯನ್ನು ನೀವು ತುರುಕಿದ್ದೀರಿ. ಮನವೊಲಿಸುವ ಕಲೆಗೆ ಅರಿಸ್ಟಾಟಲನ ಕಾಲದಿಂದ ಶಾಸ್ತ್ರವಿದೆ, ಮನವೊಲಿಸುವುದೆಲ್ಲ ವಂಚನೆಯೆಂದು ನಾನು ಹೇಳುವುದಿಲ್ಲ. ಕಂಪನಿ ತನ್ನದೇ ದನಿಯಲ್ಲಿ, ವಿಮೆ ಕೊಂಡರೆ ಇಂಥ ಅನುಕೂಲವಿದೆ ಎಂದು ಎಷ್ಟು ಸೊಗಸಾಗಿ ಬೇಕಾದರೂ ಹೇಳಿಕೊಳ್ಳಲಿ. ನಿಮ್ಮ ಬಟನ್‌ಗಳ ಮಾತನ್ನು ತಂಡದ ಸಭೆಯಲ್ಲಿ ಗಟ್ಟಿಯಾಗಿ, ಎದುರಿಗೊಬ್ಬ ಗ್ರಾಹಕರನ್ನು ಕೂರಿಸಿಕೊಂಡು ಓದಿ ನೋಡಿ. ಮುಖ ನೋಡಿಕೊಂಡು ಹೇಳಲಾಗದ ಸಾಲುಗಳನ್ನು ಅಳಿಸಿಬಿಡಿ.

ಪ್ರಶ್ನೆ: ಬಸವನಗುಡಿಯಲ್ಲಿ ವಾಸ, ಇತಿಹಾಸದಲ್ಲಿ ಎಂ.ಎ. ಆಗಿದೆ. ಜೀವನೋಪಾಯಕ್ಕೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವರದಿಗಳನ್ನು ಬರೆದುಕೊಡುತ್ತೇನೆ. ಓದಿದ್ದಕ್ಕೂ ಮಾಡುವ ಕೆಲಸಕ್ಕೂ ಸಂಬಂಧವೇ ಇಲ್ಲವೆಂದು ಬೇಸರವಾಗುತ್ತದೆ.

ಉತ್ತರ: ಸಂಬಂಧ ಇಷ್ಟು ಹತ್ತಿರದ್ದಾಗಿರುವಾಗ ಬೇಸರವೇಕೆ? ಕರ್ನಾಟಕದಲ್ಲಿ ವರ್ತಕರು ತಮ್ಮ ಬಗ್ಗೆ ತಾವೇ ಬರೆಸಿಕೊಂಡ ವರದಿಗಳು ಒಂದು ಸಾವಿರ ವರ್ಷ ಹಳೆಯವಿವೆ, ನೀವು ಓದಿಯೇ ಇರುತ್ತೀರಿ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳು ಆ ವರ್ತಕರನ್ನು ಲೋಕವಿಖ್ಯಾತರು, ಸತ್ಯ, ಶೌಚ, ಆಚಾರ, ನಯ, ವಿನಯ, ವಿಜ್ಞಾನಗಳಿಂದ ಕೂಡಿದವರು, ವೀರಬಣಂಜು ಧರ್ಮವನ್ನು ಪಾಲಿಸುವವರು ಎಂದು ಹೊಗಳುತ್ತವೆ. ಇಂದಿನ ಕಂಪನಿಯ ವರದಿಯ ಮೊದಲ ಪುಟವನ್ನು ಹಳಗನ್ನಡಕ್ಕೆ ತಂದರೆ ಹೆಚ್ಚು ಕಡಿಮೆ ಹೀಗೇ ಇದ್ದೀತು. ಇತಿಹಾಸದ ವಿದ್ಯಾರ್ಥಿ ಈ ಪ್ರಶಸ್ತಿಯನ್ನು, ಅಂದರೆ ಶಾಸನದ ಹೊಗಳಿಕೆಯ ಭಾಗವನ್ನು, ನಂಬುವುದೂ ಇಲ್ಲ, ಎಸೆಯುವುದೂ ಇಲ್ಲ. ಕೆತ್ತಿಸಿದವರು ಯಾರು, ಖರ್ಚು ಯಾರದು, ಎಲ್ಲಿ ನೆಟ್ಟರು, ಯಾರು ಓದಲೆಂದು ನೆಟ್ಟರು ಎಂದು ಕೇಳುತ್ತಾನೆ. ಆ ಮೇಲೆ ಕಲ್ಲಿನ ಕೆಳಭಾಗಕ್ಕೆ ಬಂದು ದತ್ತಿಯನ್ನು ಓದುತ್ತಾನೆ.

ವ್ಯತ್ಯಾಸ ಕಾಣುವುದು ಅಲ್ಲಿಯೇ. ದತ್ತಿಯ ಭಾಗದಲ್ಲಿ ಯಾವ ಸರಕಿನ ಒಂದು ಹೇರಿಗೆ ಎಷ್ಟು ಕೊಡಬೇಕು, ಯಾವ ದೇವಾಲಯಕ್ಕೆ, ಯಾರ ಸಮಕ್ಷಮದಲ್ಲಿ ಎಂಬುದೆಲ್ಲ ಖಚಿತವಾಗಿರುತ್ತದೆ. ಕೊನೆಯಲ್ಲಿ ಇದನ್ನು ಅಳಿಸಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಶಾಪಾಶಯವೂ ಇರುತ್ತದೆ. ನೀವು ಬರೆಯುವ ವರದಿಗಳಲ್ಲಿ ಪ್ರಶಸ್ತಿ ಎಷ್ಟು ಪುಟ, ದತ್ತಿ ಎಷ್ಟು ಪುಟ ಎಂದು ಎಣಿಸಿ ನೋಡಿ. 2013ರ ಕಂಪನಿ ಕಾಯಿದೆಯ 135ನೇ ಕಲಮು, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡಾ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ಉಳಿದ ಶೇಕಡಾ 98ನ್ನು ಗಳಿಸಿದ ಬಗೆ ಹೇಗೆ ಎಂದು ಆ ಕಲಮು ಕೇಳುವುದಿಲ್ಲ. ಶಾಲೆಗೆ ಕಟ್ಟಿಸಿದ ಶೌಚಾಲಯದ ಚಿತ್ರ ವರದಿಯಲ್ಲಿದ್ದು, ಕಂಪನಿಯ ಕಟ್ಟಡವನ್ನು ಗುಡಿಸುವ ಗುತ್ತಿಗೆ ಮಹಿಳೆಯರ ಸಂಬಳದ ಮಾತೇ ಇಲ್ಲದಿದ್ದರೆ, ಆ ಮೌನವನ್ನು ಮೊದಲು ಗಮನಿಸಬೇಕಾದವರು ಆಕರಗಳ ಮೌನವನ್ನು ಓದಲು ಕಲಿತ ನೀವು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಆ ಪೇಟೆಯ ದೊಡ್ಡ 1,000 ಕಂಪನಿಗಳು 2022-23ರಿಂದ ಕಡ್ಡಾಯವಾಗಿ ಕೊಡಬೇಕಾಗಿರುವ ಹೊಣೆಗಾರಿಕೆಯ ವರದಿಯಲ್ಲಿ ನೌಕರರ ಕುರಿತ ಪ್ರಶ್ನೆಗಳೂ ಇವೆ. ಆ ಅಂಕಣಗಳನ್ನು ಭರ್ತಿ ಮಾಡುವಾಗ ಹಟ ಹಿಡಿದು ಮೂಲ ದಾಖಲೆಯನ್ನು ಕೇಳಿ.

ಇನ್ನೊಂದು ವಿಷಯ, ಇದು ನಿಮ್ಮ ಬೇಸರ ಕಳೆಯಲೆಂದೇ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣ ಶಾಮಶಾಸ್ತ್ರಿಗಳು. ಅಧಿಕಾರಿಗಳು ಹಣ ಲಪಟಾಯಿಸುವ 40 ದಾರಿಗಳ ಪಟ್ಟಿ ಆ ಗ್ರಂಥದಲ್ಲಿದೆ. ನೀರಿನೊಳಗಿನ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯದ ಹಾಗೆ ಇವರು ಯಾವಾಗ ಹಣ ನುಂಗಿದರೆಂದು ತಿಳಿಯದು ಎಂಬ ಮಾತೂ ಅಲ್ಲಿಯದೇ. ಲೆಕ್ಕಪರಿಶೋಧನೆಗೆ ಇಷ್ಟು ಒದಗುವ ಪುಸ್ತಕವನ್ನು ಹುಡುಕಿಕೊಟ್ಟದ್ದು ಒಬ್ಬ ಸಂಸ್ಕೃತ ವಿದ್ವಾಂಸರು.

ಪ್ರಶ್ನೆ: ಚಿಕ್ಕಪೇಟೆಯಲ್ಲಿ ತಲೆಮಾರುಗಳಿಂದ ಸೀರೆ ವ್ಯಾಪಾರ ನಮ್ಮದು. 'ವ್ಯಾಪಾರಂ ದ್ರೋಹಚಿಂತನಂ' ಎಂದು ನಮ್ಮನ್ನು ಆಡಿಕೊಳ್ಳುವವರಿಗೆ ನಾನೊಂದು ಪ್ರಶ್ನೆ ಕೇಳಬೇಕು. ಜರಿ ಅಸಲಿಯೇ ಎಂದು ಗಿರಾಕಿ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಕೇಳದಿದ್ದರೆ ನಾನಾಗಿಯೇ ಹೇಳಬೇಕೆ?

ಉತ್ತರ: ಆ ನಾಣ್ಣುಡಿಯನ್ನು ನಾನು ಒಪ್ಪುವುದಿಲ್ಲ. ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯನೂ ಸೌದೆ ಮಾರಿದ ಮೋಳಿಗೆ ಮಾರಯ್ಯನೂ ಶರಣರೆನಿಸಿಕೊಂಡ ನಾಡಿನಲ್ಲಿ ಮಾರಾಟವನ್ನೇ ದ್ರೋಹವೆನ್ನುವುದು ಅನ್ಯಾಯ.

ನಿಮ್ಮ ಪ್ರಶ್ನೆಯಂತೂ ಬಹಳ ಹಳೆಯದು. ರೋಮಿನ ವಾಗ್ಮಿ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಧಾನ್ಯದ ಅಭಾವ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತರುತ್ತಾನೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ರೋಡ್ಸಿನವರಿಗೆ ಅದು ತಿಳಿಯದು. ಹೇಳಿಬಿಟ್ಟರೆ ಬೆಲೆ ಇಳಿಯುತ್ತದೆ. ಬ್ಯಾಬಿಲೋನಿನ ಡಯೋಜಿನಸ್ ಎಂಬ ತತ್ತ್ವಜ್ಞಾನಿಯ ವಾದವೇನೆಂದರೆ, ಕಾನೂನು ಹೇಳಿದಷ್ಟು ದೋಷಗಳನ್ನು ತಿಳಿಸಿ, ಸುಳ್ಳು ಹೇಳದೆ ಮಾರಿದರೆ ಸಾಕು, ಹೇಳದಿರುವುದೇ ಬೇರೆ, ಮುಚ್ಚಿಡುವುದೇ ಬೇರೆ. ಅವನ ಶಿಷ್ಯ ಆಂಟಿಪೇಟರ್ ಇದನ್ನು ಒಪ್ಪಲಿಲ್ಲ. ಮನುಷ್ಯರ ಹಿತಕ್ಕೆ ಬದ್ಧನಾದವನು ತನಗೆ ಗೊತ್ತಿರುವುದನ್ನೆಲ್ಲ ಕೊಳ್ಳುವವನಿಗೂ ತಿಳಿಸಬೇಕೆಂದ. ಸಿಸೆರೊ ಶಿಷ್ಯನ ಪಕ್ಷ ವಹಿಸುತ್ತಾನೆ. ನಿಮ್ಮ ಲಾಭಕ್ಕಾಗಿ, ತಿಳಿದುಕೊಳ್ಳುವುದು ಯಾರಿಗೆ ಮುಖ್ಯವೋ ಅವರಿಂದಲೇ ವಿಷಯವನ್ನು ದೂರವಿಡುವುದು ಮುಚ್ಚಿಡುವುದೇ ಹೌದು ಎಂಬುದು ಅವನ ನಿಲುವು.

ನನಗೆ ಆಂಟಿಪೇಟರನ ಮಾತು ತುಸು ಅತಿಯೆನಿಸುತ್ತದೆ. ಪಕ್ಕದ ಅಂಗಡಿಯಲ್ಲಿ ಬೆಲೆ ಎಷ್ಟೆಂದು ಹೇಳುವ ಹೊಣೆ ನಿಮ್ಮದಲ್ಲ, ಅದನ್ನು ಗಿರಾಕಿಯೇ ನಾಲ್ಕು ಹೆಜ್ಜೆ ನಡೆದು ತಿಳಿಯಬಲ್ಲರು. ಜರಿಯ ವಿಷಯ ಹಾಗಲ್ಲ. ಅಸಲಿ ಜರಿಗೂ ಇಮಿಟೇಶನ್ ಜರಿಗೂ ಇರುವ ವ್ಯತ್ಯಾಸ ನಿಮ್ಮ ಕಣ್ಣಿಗೆ ಥಟ್ಟನೆ ಕಾಣುತ್ತದೆ, ಮಗಳ ಮದುವೆಗೆ ಸೀರೆ ಕೊಳ್ಳಲು ತುಮಕೂರಿನಿಂದ ಬಸ್ಸು ಹತ್ತಿ ಬಂದ ತಾಯಿಗೆ ಕಾಣುವುದಿಲ್ಲ. ಕೇಳಬೇಕೆಂದು ಗೊತ್ತಿಲ್ಲದವರು ಕೇಳಲಿಲ್ಲ ಎನ್ನುವುದು ನೆಪವಾಗಲಾರದು. ರೇಷ್ಮೆಯ ಶುದ್ಧತೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ, ಆದರೆ ಆ ಗುರುತು ಖಾತರಿ ಕೊಡುವುದು ರೇಷ್ಮೆಗೆ. ಜರಿಯ ಮಾತನ್ನು ನೀವೇ ಆಡಬೇಕು. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಬೆಲೆಯ ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಸಿ.

ಪ್ರಶ್ನೆ: ಹವ್ಯಾಸಿ ರಂಗತಂಡದವನು, ಹನುಮಂತನಗರ. ನೌಕರರಿಗೆ ನೀತಿಯ ಬಗ್ಗೆ ಇಪ್ಪತ್ತು ನಿಮಿಷದ ನಾಟಕ ಮಾಡಿಕೊಡಿ, ಕೊನೆ ಸುಖಾಂತವಾಗಿರಲಿ ಎಂದು ಒಂದು ಕಂಪನಿ ಕೇಳಿದೆ. ಹಣವೂ ಚೆನ್ನಾಗಿದೆ. ಒಪ್ಪಿದರೆ ಕಲೆಯನ್ನು ಮಾರಿಕೊಂಡಂತೆ ಆಗುವುದಿಲ್ಲವೆ?

ಉತ್ತರ: ಧಾರಾಳವಾಗಿ ಹಣ ಪಡೆಯಿರಿ, ದುಡಿಮೆಗೆ ಕೂಲಿ ಕೇಳುವುದರಲ್ಲಿ ಸಂಕೋಚವೇಕೆ? ಸುಖಾಂತವನ್ನು ಮಾತ್ರ ಒಪ್ಪಬೇಡಿ. ತಪ್ಪನ್ನು ಹೊರಗೆಡಹಿದ ನೌಕರನಿಗೆ ಕೊನೆಯ ದೃಶ್ಯದಲ್ಲಿ ಹಾರ ಹಾಕಿಸಿದರೆ ನೋಡುವವರಲ್ಲಿ ಯಾರೂ ನಂಬುವುದಿಲ್ಲ. ಬ್ರೆಜಿಲ್‌ನ ಆಗಸ್ಟೊ ಬೋಲ್ ರೂಪಿಸಿದ ಫೋರಂ ಥಿಯೇಟರ್ ಪದ್ಧತಿಯನ್ನು ನೀವು ಬಲ್ಲಿರಿ: ನಾಟಕ ಸೋಲಿನಲ್ಲಿ ನಿಲ್ಲುತ್ತದೆ, ಮತ್ತೆ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ನಿಲ್ಲಿಸಿ ಎಂದು ರಂಗಕ್ಕೆ ಬಂದು ಆ ಪಾತ್ರವನ್ನು ತಾವೇ ಆಡಿ ತೋರಿಸುತ್ತಾರೆ. ಅದಕ್ಕೆ ಇಪ್ಪತ್ತು ನಿಮಿಷ ಸಾಲದು, ಎರಡು ಗಂಟೆ ಕೇಳಿ. ಆಡಳಿತ ನಿರ್ದೇಶಕರು ಮೊದಲಿನಿಂದ ಕೊನೆಯವರೆಗೂ ಪ್ರೇಕ್ಷಕರ ನಡುವೆ ಕುಳಿತಿರಬೇಕೆಂಬ ಷರತ್ತನ್ನೂ ಹಾಕಿ. ನಿಮ್ಮ ತಂಡ ಕಿರು ಉದ್ಯಮವಾಗಿ ನೋಂದಣಿಯಾಗಿದ್ದರೆ, 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ ಒಪ್ಪಂದದಲ್ಲಿ ಎಷ್ಟು ದಿನವೆಂದು ಬರೆದಿದ್ದರೂ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ನೀತಿಯ ನಾಟಕ ಆಡಿಸಿದವರಿಗೆ ಆ ಕಲಮನ್ನು ನೆನಪಿಸಲು ಹಿಂಜರಿಯಬೇಡಿ.